ಇದು ಹೌದಾ, ಪೊರ್ಬುಗಳೇ?

ನನ್ನ ಮೆಡಿಕಲ್ ಅಂಗಡಿಯಲ್ಲಿ ಜ್ವರದ ಮಾತ್ರೆಗಿಂತ ಹೆಚ್ಚು ಓಡುವುದು ಒಂದು ಪ್ರಶ್ನೆ. ಗಿರಾಕಿ ಬರುತ್ತಾರೆ, ಚೀಟಿ ಕೊಡುತ್ತಾರೆ, ನಾನು ಕಪಾಟಿನತ್ತ ತಿರುಗುವಷ್ಟರಲ್ಲಿ ಮೊಬೈಲನ್ನು ಕೌಂಟರಿನ ಮೇಲೆ ನನ್ನ ಕಡೆಗೆ ಸರಿಸಿ ಕೇಳುತ್ತಾರೆ: "ಇದು ಹೌದಾ, ಪೊರ್ಬುಗಳೇ?"

ಪೊರ್ಬು ಎಂದರೆ ನಮ್ಮ ಕಡೆ ತುಳುವರು ಕ್ರಿಶ್ಚಿಯನ್ ಗಂಡಸರನ್ನು ಮರ್ಯಾದೆಯಿಂದ ಕರೆಯುವ ಮಾತು. ನನಗೆ ಬೇರೆ ಹೆಸರು ಉಂಟು, ಅದು ಲೈಸೆನ್ಸಿನ ಚೌಕಟ್ಟಿನೊಳಗೆ ಗೋಡೆಯ ಮೇಲೆ ಇದೆ, ಯಾರಿಗೂ ಬೇಕಾಗಿಲ್ಲ. ಮಣಿಪಾಲದಲ್ಲಿ ಔಷಧಿಯ ಬಗ್ಗೆ ಓದಿ ಬಂದವನಿಗೆ ಲೋಕದ ಎಲ್ಲ ವಿಷಯವೂ ಗೊತ್ತಿರುತ್ತದೆ ಎಂದು ಊರಿನವರು ನಂಬಿದ್ದಾರೆ. ಆ ನಂಬಿಕೆ ಒಡೆಯುವಷ್ಟು ಪ್ರಾಮಾಣಿಕತೆ ನನ್ನಲ್ಲಿಲ್ಲ. ಕನ್ನಡಕ ಹಣೆಗೆ ಏರಿಸಿ, ಮೊಬೈಲನ್ನು ದೂರ ಹಿಡಿದು, ಸ್ವಲ್ಪ ಹೊತ್ತು ಗಂಭೀರವಾಗಿ ನೋಡುತ್ತೇನೆ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ಮಂಡಿನೋವಿನ ಎಣ್ಣೆಗೆ ಬಂದ ಹೆಂಗಸೊಬ್ಬರು ತೋರಿಸಿದ ಸುದ್ದಿಯ ಪ್ರಕಾರ, ಸಮುದ್ರ ಉಕ್ಕಿ ಕಾಪು ದೀಪಸ್ತಂಭದ ಬುಡದವರೆಗೆ ಬರಲಿಕ್ಕೆ ಉಂಟಂತೆ.

"ದೀಪಸ್ತಂಭದ ಬುಡದಲ್ಲಿ ಸಮುದ್ರ ಯಾವಾಗಲೂ ಉಂಟಲ್ಲ ಅಮ್ಮಾ" ಎಂದೆ.

ಅವರು ಒಂದು ಕ್ಷಣ ಯೋಚಿಸಿದರು. "ಹಾಗಾದರೆ ಸುದ್ದಿ ಹೌದು" ಎಂದು ಹೇಳಿ ಎಣ್ಣೆ ತೆಗೆದುಕೊಂಡು ಹೋದರು.

ಅವರು ಹೋದ ಮೇಲೆ ನನಗೆ ಅಪ್ಪನ ನೆನಪಾಯಿತು. ನಮ್ಮದು ಬೆಳ್ಮಣ್‌ನಿಂದ ಒಳದಾರಿಯಲ್ಲಿ ಹೋದರೆ ಸಿಗುವ ಊರು. ಹೆಸರು ಹೇಳುವುದಿಲ್ಲ, ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ. ಆಗ ಪೇಪರು ಉಡುಪಿಯಿಂದ ಬಸ್ಸಿನಲ್ಲಿ ಬರುತ್ತಿತ್ತು. ಕಂಡಕ್ಟರ್ ಚಲಿಸುವ ಬಸ್ಸಿನಿಂದಲೇ ಕಟ್ಟನ್ನು ಎಸೆಯುತ್ತಿದ್ದ. ಮಳೆಗಾಲದಲ್ಲಿ ಆ ಕಟ್ಟು ಚರಂಡಿಗೆ ಬಿದ್ದರೆ ಊರಿಗೆ ಅವತ್ತು ಸುದ್ದಿ ಇಲ್ಲ. ಬಂದ ದಿನ ಅಪ್ಪ ಜಗಲಿಯಲ್ಲಿ ಕುಳಿತು ದೊಡ್ಡ ಸ್ವರದಲ್ಲಿ ಓದುತ್ತಿದ್ದರು. ಕೇಳಲು ಗದ್ದೆ ಕೆಲಸ ಮುಗಿಸಿದ ನೆರೆಯವರು ಬರುತ್ತಿದ್ದರು. ಪೇಪರಿನ ಕನ್ನಡ ಅವರಿಗೆ ಕೋರ್ಟಿನ ಭಾಷೆಯಂತೆ ಕೇಳಿಸುತ್ತಿದ್ದುದರಿಂದ ಅಪ್ಪ ಒಂದು ವಾಕ್ಯ ಕನ್ನಡದಲ್ಲಿ ಓದಿ, ಅದನ್ನೇ ತುಳುವಿನಲ್ಲಿ ಹೇಳಿ, ಒಳಗೆ ಅಕ್ಕಿ ಆರಿಸುತ್ತಿದ್ದ ಅಮ್ಮನಿಗಾಗಿ ಕೊಂಕಣಿಯಲ್ಲಿ ಇನ್ನೊಮ್ಮೆ ಕೂಗುತ್ತಿದ್ದರು. ದೆಹಲಿಯಲ್ಲಿ ಸರಕಾರ ಒಂದು ಸಲ ಬಿದ್ದರೆ ನಮ್ಮ ಜಗಲಿಯಲ್ಲಿ ಮೂರು ಸಲ ಬೀಳುತ್ತಿತ್ತು.

ಪೇಪರಿನಲ್ಲಿ "ಮಂತ್ರಿ ರಾಜೀನಾಮೆ ಕೊಟ್ಟರು" ಎಂದು ಇದ್ದರೆ ಅಪ್ಪ ಓದುವಾಗ "ಕೊಟ್ಟರಂತೆ" ಎನ್ನುತ್ತಿದ್ದರು. ತುಳುವಿನಲ್ಲಿ ಅದಕ್ಕೆ ಒಂದು 'ಗೆ' ಸೇರಿಸಿದರೆ ಸಾಕು, ಕೊಂಕಣಿಯಲ್ಲಿ ಕೊನೆಗೊಂದು 'ಖಂಯ್'. ಮೂರು ಭಾಷೆಯವರೂ ಕಣ್ಣಾರೆ ಕಾಣದ್ದನ್ನು ಹೇಳುವಾಗ ಬಾಲದಲ್ಲಿ ಹೀಗೊಂದು ಗಂಟು ಹಾಕಿಯೇ ಬಿಡುತ್ತಿದ್ದರು. ಟಿವಿಯವರು ಆ ಗಂಟನ್ನು ಬಿಚ್ಚಿ ಎಸೆದದ್ದು ಯಾವಾಗ ಎಂದು ನನಗೆ ಸರಿಯಾಗಿ ಗೊತ್ತಿಲ್ಲ. ಈಗ ಎಲ್ಲರೂ ತಾವೇ ಮಂತ್ರಿಯ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದವರ ಹಾಗೆ ಮಾತಾಡುತ್ತಾರೆ.

ಅಮ್ಮ ಪೇಪರನ್ನೂ ನಂಬುತ್ತಿರಲಿಲ್ಲ, ಅಪ್ಪನನ್ನೂ ಅಷ್ಟಕ್ಕಷ್ಟೆ. ಅವರ ಸುದ್ದಿಗಾರ್ತಿ ಕಾಪುವಿನಿಂದ ಬುಟ್ಟಿ ಹೊತ್ತು ಬರುತ್ತಿದ್ದ ಮೀನಿನ ಹೆಂಗಸು. ಯಾವ ದೋಣಿ ಮಗುಚಿತು, ಯಾರ ಮಗಳಿಗೆ ಇನ್ನಂಜೆಯಲ್ಲಿ ಗಂಡು ಕುದುರಿತು, ಯಾವ ರಾಜಕಾರಣಿ ತೀರಕ್ಕೆ ಬಂದು ಮೂಗಿಗೆ ಕರವಸ್ತ್ರ ಹಿಡಿದ, ಎಲ್ಲ ಆಕೆಯ ಬಾಯಲ್ಲಿ. "ಅವಳು ಸುಳ್ಳು ಹೇಳುವುದಿಲ್ಲವಾ?" ಎಂದು ಒಮ್ಮೆ ನಾನು ಕೇಳಿದ್ದೆ. "ಹೇಳಿದರೆ ನಾಳೆ ಪುನಃ ಇದೇ ಮೆಟ್ಟಿಲಿಗೆ ಬುಟ್ಟಿ ಇಳಿಸುವುದು ಹೇಗೆ?" ಎಂದಿದ್ದರು ಅಮ್ಮ. ಪತ್ರಿಕಾಧರ್ಮದ ಬಗ್ಗೆ ಆಮೇಲೆ ಎಷ್ಟೋ ಭಾಷಣ ಕೇಳಿದ್ದೇನೆ. ಅಮ್ಮನಷ್ಟು ಚಿಕ್ಕದರಲ್ಲಿ ಮುಗಿಸಿದವರು ಯಾರೂ ಇಲ್ಲ.

ನಾಯಕರ ವಿಷಯದಲ್ಲಿ ಮಾತ್ರ ನಾನು ಬಹಳ ಕಾಲ ಮಗುವಾಗಿಯೇ ಉಳಿದೆ. ಚುನಾವಣೆ ಬಂತೆಂದರೆ ಜೀಪಿನ ಹಿಂದೆ ಓಡುವುದು, ಎಲ್ಲ ಪಕ್ಷದ ಬ್ಯಾಡ್ಜುಗಳನ್ನೂ ಒಂದೇ ಅಂಗಿಗೆ ಚುಚ್ಚಿಕೊಂಡು ಮೆರೆಯುವುದು. ಜೀಪಿನ ಮೇಲೆ ನಿಂತು ಮೈಕಿನಲ್ಲಿ ಮಾತಾಡುವವನಿಗೆ ಯಾವ ಪ್ರಶ್ನೆ ಕೇಳಿದರೂ ಉತ್ತರ ಬರುತ್ತದೆ, ಹಾಗೆ ಉತ್ತರ ಬರುವವನೇ ನಾಯಕ ಎಂದುಕೊಂಡಿದ್ದೆ. ತಲೆಕೂದಲು ಬೆಳ್ಳಗಾಗುವವರೆಗೂ ಅದೇ ಅಭಿಪ್ರಾಯ. ಅದು ಬದಲಾದದ್ದು ಸುಮತಿಯಕ್ಕನಿಂದ.

ಸುಮತಿಯಕ್ಕ ನನ್ನ ಅಂಗಡಿಯ ಎದುರುಗಡೆ ಟೈಲರಿಂಗ್ ಅಂಗಡಿ ಇಟ್ಟಿದ್ದವರು. ಪಂಚಾಯತಿನ ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾದಾಗ, ಬಾಯಿ ಕಡಿಮೆ ಇರುವ ಹೆಂಗಸು ಎಂದು ಊರಿನ ಪಕ್ಷದವರು ಹುಡುಕಿ ಹುಡುಕಿ ಅವರನ್ನು ನಿಲ್ಲಿಸಿದರು. ಬಾಯಿಯಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದುದರಿಂದ ಅವರು ಮಾತಾಡುತ್ತಿರಲಿಲ್ಲ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಗೆದ್ದು ಅಧ್ಯಕ್ಷೆಯೂ ಆದರು. ಮೊದಲ ಕೆಲವು ತಿಂಗಳು ಜನ ಅವರ ಗಂಡನಿಗೇ ನಮಸ್ಕಾರ ಮಾಡುತ್ತಿದ್ದರು. ಆ ಪಾಪದ ಮನುಷ್ಯ ಎಲ್ಲರಿಗೂ, "ಅವಳು ಒಳಗಿದ್ದಾಳೆ, ಅವಳನ್ನೇ ಕೇಳಿ" ಎನ್ನುತ್ತಿದ್ದರು.

ಮಳೆ ಶುರುವಾದ ಹೊಸತು. ಒಂದು ಶನಿವಾರ ಬೆಳಿಗ್ಗೆ ಅಂಗಡಿ ತೆರೆದ ಸ್ವಲ್ಪ ಹೊತ್ತಿಗೆ ಯಶೋದಾ ಓಡಿಬಂದಳು. ಗುಡ್ಡದ ಬದಿಯ ಮನೆಯವಳು, ಗೇರುಬೀಜದ ಕಾರ್ಖಾನೆಗೆ ಹೋಗುತ್ತಾಳೆ. ಮಗಳಿಗೆ ವಾಂತಿ, ನಳ್ಳಿಯ ನೀರು ಕುಡಿದ ಮೇಲೆ ಶುರುವಾಯಿತು ಎಂದಳು. ನಾನು ಓಆರ್‌ಎಸ್ ಪೊಟ್ಟಣ ಕೊಟ್ಟು, ಕಾರ್ಕಳದ ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದೆ. ಅವಳ ಹಿಂದೆಯೇ ಇನ್ನೊಬ್ಬರು, ಮತ್ತೊಬ್ಬರು. ಎಲ್ಲರ ಮನೆಯಲ್ಲೂ ಮಕ್ಕಳಿಗೇ ತೊಂದರೆ. ಎಲ್ಲರೂ ಹೇಳಿದ್ದು ಒಂದೇ ಮಾತು: ನೀರಿಗೆ ವಾಸನೆ ಉಂಟು.

ಸುಮತಿಯಕ್ಕ ಬಂದರು. ಕೈಯಲ್ಲಿ ಬಾಟಲಿ, ಅದರಲ್ಲಿ ನಳ್ಳಿಯ ನೀರು. (ನಮ್ಮ ಮಾತೆಲ್ಲ ನಡೆದದ್ದು ತುಳುವಿನಲ್ಲಿ, ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ.)

"ಮೂಸಿ ನೋಡಿ ಪೊರ್ಬುಗಳೇ. ಎಂತ ಇದು?"

ಮೂಸಿದೆ. "ಬ್ಲೀಚಿಂಗ್ ಪೌಡರಿನ ಹಾಗೆ ಉಂಟು."

"ಹಾಗೆ ಉಂಟಾ, ಅದೇವಾ?"

"ಖಂಡಿತ ಹೇಳಲಿಕ್ಕೆ ಆಗುವುದಿಲ್ಲ. ಪರೀಕ್ಷೆ ಮಾಡಬೇಕು."

"ಹಾಗಾದರೆ ನಾನೂ ಹೇಳುವುದಿಲ್ಲ" ಎಂದು ಅವರು ಅಲ್ಲಿಂದಲೇ ಫೋನು ಮಾಡಿ ಟ್ಯಾಂಕಿನ ವಾಲ್ವ್ ಬಂದ್ ಮಾಡಿಸಿದರು, ಆರೋಗ್ಯ ಇಲಾಖೆಯವರನ್ನು ಕರೆದರು. ಆಸ್ಪತ್ರೆಗೆ ಹೋಗುವವರಿಗೆ ಪಂಚಾಯತಿನ ಜೀಪು ಕಳಿಸಿದರು.

ಅಷ್ಟರಲ್ಲಿ ನನ್ನ ಮೊಬೈಲು ಟಿಂಗ್ ಎಂದಿತು. ನಮ್ಮೂರಿನಲ್ಲಿ ಪ್ರಶಾಂತ ಎಂಬ ಯುವಕ ಒಂದು ವೆಬ್ ಸುದ್ದಿ ಚಾನೆಲ್ ನಡೆಸುತ್ತಾನೆ. ವರದಿಗಾರ, ಕ್ಯಾಮೆರಾಮನ್, ಸಂಪಾದಕ ಎಲ್ಲ ಅವನೇ. ಅವನ ಚಾನೆಲಿನಲ್ಲಿ ದಪ್ಪ ಅಕ್ಷರ: "ಕುಡಿಯುವ ನೀರಿಗೆ ವಿಷ? ಟ್ಯಾಂಕ್ ಬಳಿ ಕಂಡವನು ಯಾರು?" ಕೆಳಗೆ ಒಂದು ಫೋಟೋ. ಟ್ಯಾಂಕಿನ ನೆರಳಿನಲ್ಲಿ ಮೊಪೆಡ್ ನಿಲ್ಲಿಸಿ ನಿಂತ ಒಬ್ಬ ಮನುಷ್ಯ, ಬೆನ್ನು ನಮ್ಮ ಕಡೆಗೆ. ತಲೆಯ ಮೇಲಿನ ಬಿಳಿ ಟೋಪಿಗೆ ಕೆಂಪು ವೃತ್ತ ಹಾಕಿತ್ತು.

ಆ ಬೆನ್ನನ್ನು ಗುರುತಿಸದವರು ನಮ್ಮೂರಲ್ಲಿ ಯಾರಿದ್ದಾರೆ? ಹಮೀದಣ್ಣನದು. ಪ್ರತಿದಿನ ಮೀನು ತರುವ ಹಮೀದಣ್ಣ. ಆದರೆ ಚಾನೆಲ್ ಅವರನ್ನು 'ಅಪರಿಚಿತ' ಎಂದ ಕೂಡಲೇ ಊರಿಗೆ ಊರೇ ಅವರ ಪರಿಚಯ ಮರೆತಿತ್ತು. ಅಂಗಡಿಯ ಎದುರೇ ನಾಲ್ಕಾರು ಬೈಕುಗಳು ಬಂದು ನಿಂತವು. "ಅವ ಈಗ ಯಾವ ಕಡೆ ಇರ್ತಾನೆ?" ಎಂದು ಒಬ್ಬ ಇನ್ನೊಬ್ಬನನ್ನು ಕೇಳುವುದು ನನ್ನ ಕಿವಿಗೆ ಬಿತ್ತು. ಕೌಂಟರಿನ ಹಿಂದೆ ನಿಂತು ಮಾತ್ರೆ ಎಣಿಸುವವನ ಧೈರ್ಯ ಎಷ್ಟಿರುತ್ತದೆ ಎಂದು ನಿಮಗೆ ಗೊತ್ತು. ಶಟರ್ ಎಳೆದು ಮನೆಗೆ ಹೋಗುವ ಆಲೋಚನೆ ಬಂದದ್ದು ಸತ್ಯ.

ಶಟರ್ ಎಳೆದದ್ದೂ ಸತ್ಯ. ಆದರೆ ಎಳೆಸಿದ್ದು ಸುಮತಿಯಕ್ಕ. "ಅಂಗಡಿ ಬಂದ್ ಮಾಡಿ ಪೊರ್ಬುಗಳೇ. ನಿಮ್ಮ ಕಾರು ತೆಗೀರಿ. ಈ ಬೈಕಿನವರಿಗೆ ಸಿಗುವ ಮೊದಲು ಹಮೀದಣ್ಣ ನಮಗೆ ಸಿಗಬೇಕು."

"ಪೊಲೀಸರಿಗೆ ಹೇಳಿದರೆ?"

"ಹೇಳಿ ಆಯಿತು. ಅವರು ಬರಲಿಕ್ಕೆ ಹೊತ್ತು ಬೇಕು. ಮೀನಿನವ ಎಲ್ಲಿರ್ತಾನೆ ಅಂತ ಅವರಿಗೆ ಗೊತ್ತುಂಟಾ? ನನಗೆ ಗೊತ್ತುಂಟು. ನಾನೂ ಅವರ ಹತ್ತಿರವೇ ಮೀನು ತೆಗೆದುಕೊಳ್ಳುವುದಲ್ವಾ?"

ಅಜೆಕಾರಿನ ಕಡೆಗೆ ತಿರುಗುವ ರಸ್ತೆಯಲ್ಲಿ ಒಂದು ಮನೆಯ ಗೇಟಿನ ಹತ್ತಿರ ಹಮೀದಣ್ಣ ಸಿಕ್ಕರು. ತಕ್ಕಡಿಯಲ್ಲಿ ಬಂಗುಡೆ, ಕಾಲ ಸುತ್ತ ಬೆಕ್ಕುಗಳು. ನಮ್ಮನ್ನು ಕಂಡು ನಕ್ಕರು. "ಎಂತ ಅಧ್ಯಕ್ಷರೇ, ಕಾರಲ್ಲಿ ಮೀನಿಗೆ ಬಂದದ್ದಾ?"

"ಹಮೀದಣ್ಣ, ಕಾರು ಹತ್ತಿ."

"ಮೀನು?"

"ಮೀನೂ ಹತ್ತಲಿ."

ದಾರಿಯಲ್ಲಿ ಸುಮತಿಯಕ್ಕ ಫೋಟೋ ತೋರಿಸಿದರು. ಹಮೀದಣ್ಣ ಬಹಳ ಹೊತ್ತು ನೋಡಿದರು. ಅವರ ಕೈ ತಲೆಯ ಮೇಲೆ ಹೋಯಿತು, ಟೋಪಿ ತೆಗೆದರು, ಮತ್ತೆ ಏನನ್ನಿಸಿತೋ ಪುನಃ ಹಾಕಿಕೊಂಡರು. "ಅಲ್ಲಿ ರೇಂಜ್ ಸಿಗ್ತದೆ ಅಂತ ನಿಲ್ಲುವುದು ನಾನು" ಎಂದರು. "ದಿನಾ ಮಗಳಿಗೆ ಫೋನು ಮಾಡುವುದು ಅಲ್ಲಿಂದಲೇ."

ಅದು ನಮಗೆಲ್ಲ ಗೊತ್ತಿದ್ದ ಸಂಗತಿ. ನಮ್ಮೂರಲ್ಲಿ ಅಂಗಡಿಗಳ ಸಾಲು ಬಿಟ್ಟರೆ ನೆಟ್‌ವರ್ಕ್ ಸರಿಯಾಗಿ ಸಿಗುವ ಒಂದೇ ಜಾಗ ಆ ಟ್ಯಾಂಕಿನ ಬುಡ. ಗಲ್ಫಿನಲ್ಲಿರುವ ಗಂಡಂದಿರೊಡನೆ ಹೆಂಡತಿಯರು ಮಾತಾಡುವುದು ಅಲ್ಲಿ ನಿಂತು. ಪ್ರಶಾಂತ ಆ ಸುದ್ದಿಯನ್ನು ಚಾನೆಲಿಗೆ ಏರಿಸಿದ್ದೂ ಅಲ್ಲಿಯೇ ನಿಂತು.

ಹಮೀದಣ್ಣನನ್ನು ಸುಮತಿಯಕ್ಕ ತಮ್ಮ ಮನೆಗೇ ಕರೆತಂದು ಚಾವಡಿಯಲ್ಲಿ ಕೂರಿಸಿದರು. ಅವರ ಅತ್ತೆ ಚಹಾ ಕೊಟ್ಟರು. ಗಂಡ ಗೇಟಿನ ಹತ್ತಿರ ಕುರ್ಚಿ ಹಾಕಿ ಕುಳಿತರು. "ನಾನು ಹೇಳುವವರೆಗೆ ಇವರು ನಮ್ಮ ಮನೆಯ ನೆಂಟರು" ಎಂದು ಹೇಳಿ ಸುಮತಿಯಕ್ಕ ಟ್ಯಾಂಕಿನ ಹತ್ತಿರ ಹೊರಟರು. ನಾನೂ ಹೋದೆ. ನನ್ನ ಕಾರಿನಲ್ಲಿ ಬಂಗುಡೆಯ ವಾಸನೆ ಆ ಮಳೆಗಾಲ ಮುಗಿಯುವವರೆಗೂ ಇತ್ತು.

ಟ್ಯಾಂಕಿನ ಬುಡದಲ್ಲಿ ಜಾತ್ರೆಯಷ್ಟು ಜನ. ಪಕ್ಷದ ಮುಖಂಡರೊಬ್ಬರು ಸುಮತಿಯಕ್ಕನನ್ನು ಬದಿಗೆ ಕರೆದು ತಗ್ಗಿದ ಸ್ವರದಲ್ಲಿ ಹೇಳಿದರು: "ಅವನ ಮೇಲೆ ಸಂಶಯ ಉಂಟು ಅಂತ ಒಂದು ಮಾತು ಹೇಳಿ. ಒಂದೇ ಮಾತು. ಮುಂದಿನ ಸಲ ತಾಲೂಕು ಪಂಚಾಯತಿಗೆ ನಿಮ್ಮದೇ ಹೆಸರು." ಅವರು ತಿರುಗಿ ಜನರ ಹತ್ತಿರ ಬಂದರು. ಪ್ರಶಾಂತ ಮೈಕು ಹಿಡಿದು ಮುಂದೆ ಬಂದ. ಲೈವ್ ಹೋಗುತ್ತಿತ್ತು.

"ಅಧ್ಯಕ್ಷರೇ, ನೀರಿಗೆ ವಿಷ ಹಾಕಿದ್ದು ಯಾರು?"

"ನನಗೆ ಗೊತ್ತಿಲ್ಲ."

"ಯಾವ ವಿಷ?"

"ವಿಷ ಅಂತಲೇ ಗೊತ್ತಿಲ್ಲ."

ಪ್ರಶಾಂತನ ಕೈಯ ಮೈಕು ಸ್ವಲ್ಪ ಕೆಳಗೆ ಜಾರಿತು. ನಾನು ಜೀವಮಾನದಲ್ಲಿ ಎಷ್ಟೋ ಮೈಕು ಕಂಡಿದ್ದೇನೆ, ಅದರ ಎದುರು ನಿಂತು ಈ ಮಾತು ಹೇಳಿದವರನ್ನು ಕಂಡದ್ದು ಅದೇ ಮೊದಲು. ಒಂದು ಕ್ಷಣ ನನಗೇ ನಾಚಿಕೆಯಾಯಿತು. ಸೋತುಹೋದರಲ್ಲ ಎನ್ನಿಸಿತು.

ಸುಮತಿಯಕ್ಕ ಮೈಕನ್ನು ತಾವೇ ಮೇಲಕ್ಕೆತ್ತಿ ಬಾಯಿಗೆ ಹಿಡಿದುಕೊಂಡರು. "ಗೊತ್ತಿರುವುದು ಹೇಳ್ತೇನೆ. ನೀರಿಗೆ ವಾಸನೆ ಉಂಟು. ಮಕ್ಕಳು ಆಸ್ಪತ್ರೆಯಲ್ಲಿದ್ದಾರೆ, ಎಲ್ಲರೂ ಮಾತಾಡ್ತಿದ್ದಾರೆ, ಡಾಕ್ಟರು ಹೆದರಿಕೆ ಇಲ್ಲ ಅಂದಿದ್ದಾರೆ. ಟ್ಯಾಂಕ್ ಬಂದ್ ಮಾಡಿದ್ದೇನೆ, ಲಾರಿಯಲ್ಲಿ ನೀರು ಬರ್ತದೆ. ಪರೀಕ್ಷೆ ಮಾಡುವವರು ಈಗ ಮೇಲೆ ಹತ್ತಿದ್ದಾರೆ. ಸಂಜೆ ಇದೇ ಜಾಗದಲ್ಲಿ ನಿಂತು ಉಳಿದದ್ದು ಹೇಳ್ತೇನೆ. ಅಷ್ಟರವರೆಗೆ ಯಾರೂ ಯಾರ ಹೆಸರೂ ಹೇಳುವುದು ಬೇಡ. ಫೋಟೋದಲ್ಲಿರುವ ಹಮೀದಣ್ಣ ನನ್ನ ಮನೆಯಲ್ಲಿದ್ದಾರೆ. ಅವರನ್ನು ಕೇಳಲಿಕ್ಕೆ ಇದ್ದವರು ನನ್ನ ಮನೆಗೆ ಬನ್ನಿ, ನಾನೂ ಇರ್ತೇನೆ."

ಆಗ ಗುಂಪಿನಿಂದ ಯಶೋದಾ ಮುಂದೆ ಬಂದಳು. ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟು ಆಸ್ಪತ್ರೆಯಿಂದ ನೇರ ಬಂದಿದ್ದಳು. "ನಿಮ್ಮ ಮಗು ಅಲ್ಲವಲ್ಲ ವಾಂತಿ ಮಾಡಿದ್ದು!" ಎಂದು ಕಿರುಚಿದಳು. "ಗೊತ್ತಿಲ್ಲ ಗೊತ್ತಿಲ್ಲ ಅಂತ ಹೇಳಲಿಕ್ಕೆ ನಿಮ್ಮನ್ನು ಅಲ್ಲಿ ಕೂರಿಸಿದ್ದಾ ನಾವು?"

ಸುಮತಿಯಕ್ಕ ಕೈ ಕಟ್ಟಿ ನಿಂತು ಆಕೆ ಬೈದು ಮುಗಿಸುವವರೆಗೆ ಕೇಳಿದರು. "ನೀನು ಹೇಳುವುದು ಸರಿ" ಎಂದರು. "ಸಂಜೆ ಬಾ."

ಪೊಲೀಸರು ಬಂದರು, ಬೈಕುಗಳು ಒಂದೊಂದೇ ಕರಗಿದವು. ಸುಮತಿಯಕ್ಕನ ಮನೆಗೆ ಕೇಳಲು ಯಾರೂ ಹೋಗಲಿಲ್ಲ. ಮಳೆಯೂ ಬಂತು. ಸಂಜೆ ಮಾತ್ರ ಜನ ಬೆಳಿಗ್ಗೆಗಿಂತ ಹೆಚ್ಚು, ಎಲ್ಲ ಕೊಡೆ ಹಿಡಿದು. ಪರೀಕ್ಷೆ, ವಿಚಾರಣೆ ಎರಡೂ ಆಗಿ ತಿಳಿದದ್ದು ಇಷ್ಟೇ: ಮಳೆಗಾಲದ ಮುಂಚೆ ಟ್ಯಾಂಕ್ ತೊಳೆಯಬೇಕೆಂದು ಪಂಚಾಯತು ಹೇಳಿತ್ತು. ತೊಳೆದವನು ಹೊಸಬ. ಬ್ಲೀಚಿಂಗ್ ಪೌಡರ್ ಕೈತಪ್ಪಿ ಜಾಸ್ತಿ ಬಿದ್ದಿತ್ತು, ಆ ನೀರನ್ನು ಹೊರಗೆ ಬಿಡದೆ ನಳ್ಳಿಗೆ ಬಿಟ್ಟಿದ್ದ. ಅವನ ಹೆಸರು ಹೇಳಿದ್ದರೆ ಸುಮತಿಯಕ್ಕ ಬಚಾವಾಗುತ್ತಿದ್ದರು. ಜನರಿಗೂ ಬೈಯಲು ಒಂದು ಮುಖ ಸಿಗುತ್ತಿತ್ತು.

"ಟ್ಯಾಂಕ್ ತೊಳೆಸಿದ್ದು ಪಂಚಾಯತು" ಎಂದರು ಅವರು ಕೊಡೆಯ ಕೆಳಗಿಂದ. "ತೊಳೆದ ಮೇಲೆ ನೋಡಬೇಕಾಗಿತ್ತು, ನೋಡಲಿಲ್ಲ. ತಪ್ಪು ಪಂಚಾಯತಿನದ್ದು. ಪಂಚಾಯತಿಗೆ ಅಧ್ಯಕ್ಷೆ ನಾನು." ಮತ್ತೆ ಹಮೀದಣ್ಣನ ಕಡೆ ತಿರುಗಿದರು. ಅವರು ಹಿಂದೆಯೇ, ಮೊಪೆಡ್ ಇಲ್ಲದೆ, ಕೈ ಎಲ್ಲಿ ಇಡಬೇಕೆಂದು ತಿಳಿಯದೆ ನಿಂತಿದ್ದರು. "ನಿಮ್ಮ ಒಂದು ದಿನದ ವ್ಯಾಪಾರ ಹೋಯಿತು. ಊರಿನ ಪರವಾಗಿ ಕ್ಷಮೆ ಕೇಳ್ತೇನೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಂಥ ಊರಲ್ಲ ನಮ್ಮದು. ಕೊಡೆಗಳು ಸುಮ್ಮನೆ ಚದುರಿದವು.

ಪ್ರಶಾಂತ ಮರುದಿನ ನನ್ನ ಅಂಗಡಿಗೆ ಬಂದ. ತಲೆನೋವಿನ ಮಾತ್ರೆ ಬೇಕಂತೆ. "ಆ ಫೋಟೋದ ಸುದ್ದಿ ಡಿಲೀಟ್ ಮಾಡಿದೆ ಪೊರ್ಬುಗಳೇ. ಬ್ಲೀಚಿಂಗ್‌ನದ್ದು ಹಾಕಿದೆ, ನೋಡುವವರೇ ಇಲ್ಲ."

"ಮೊದಲಿನದ್ದನ್ನು ಯಾಕೆ ಹಾಕಿದೆ ಮಾರಾಯ? ಹಮೀದಣ್ಣ ಅಂತ ನಿನಗೆ ಗೊತ್ತಿರಲಿಲ್ಲವಾ?"

"ನಾನು ಹೆಸರು ಹಾಕಲಿಲ್ಲವಲ್ಲ. ಪ್ರಶ್ನೆ ಚಿಹ್ನೆ ಹಾಕಿದ್ದೆ."

"ಆ ಕೆಂಪು ವೃತ್ತ?"

ಅವನು ಮಾತ್ರೆಯ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಅದು ಆ್ಯಪ್‌ನಲ್ಲಿ ಬರ್ತದೆ" ಎಂದ. ಆಮೇಲೆ, ನಾನು ಏನೂ ಕೇಳದಿದ್ದರೂ, "ಅವರ ಮನೆಗೆ ಹೋಗಿ ಬಂದೆ. ಹಮೀದಣ್ಣ ಚಹಾ ಕೊಟ್ಟರು. ಬೈದಿದ್ದರೆ ಒಳ್ಳೆಯದಿತ್ತು" ಎಂದ. ಅವನನ್ನು ಕೆಟ್ಟವನೆಂದು ನಾನು ಹೇಳುವುದಿಲ್ಲ. ಈಗ ಸುದ್ದಿ ಹಾಕುವ ಮೊದಲು ಇಬ್ಬರಿಗೆ ಫೋನು ಮಾಡುತ್ತಾನೆ, ಅದರಲ್ಲಿ ಒಬ್ಬ ನಾನು. ಅವನ ಚಾನೆಲು ಮೊದಲಿಗಿಂತ ನಿಧಾನ. ಬೇರೆಯವರು ಹಾಕಿದ ಎಷ್ಟೋ ಹೊತ್ತಿನ ಮೇಲೆ ಇವನದ್ದು ಬರುತ್ತದೆ. ಆದರೆ ಬೆಳ್ಮಣ್ ಪೇಟೆಯಲ್ಲಿ ಜನ "ಪ್ರಶಾಂತ ಹಾಕಿದ್ದಾನಾ ನೋಡು" ಎನ್ನುವುದನ್ನು ನನ್ನ ಕಿವಿಯಾರೆ ಕೇಳಿದ್ದೇನೆ.

ಪಕ್ಷದವರು ಮುಂದಿನ ಸಲ ಬೆಂಬಲ ಇಲ್ಲ ಎಂದು ಸುಮತಿಯಕ್ಕನಿಗೆ ಹೇಳಿ ಕಳಿಸಿದರು. "ಹೊಲಿಗೆ ಮೆಷಿನಿಗೆ ಎಣ್ಣೆ ಬಿಟ್ಟು ಇಟ್ಟಿದ್ದೇನೆ" ಎಂದು ಇವರು ಹೇಳಿ ಕಳಿಸಿದರು. ಸ್ವತಂತ್ರವಾಗಿ ನಿಲ್ಲುವ ಮನಸ್ಸೂ ಅವರಿಗೆ ಉಂಟು. ನಿಂತರೆ ಗೆಲ್ಲುತ್ತಾರೆ. ಇದನ್ನು ನಾನು 'ಅಂತೆ' ಸೇರಿಸದೆ ಹೇಳುತ್ತಿದ್ದೇನೆ, ಬೇಕಾದರೆ ಬರೆದಿಟ್ಟುಕೊಳ್ಳಿ.

ಹಾಗೆ ಹೇಳುವ ಧೈರ್ಯ ಬಂದದ್ದು ಆಮೇಲೆ ನಡೆದ ಗ್ರಾಮಸಭೆಯಿಂದ. ಅವತ್ತು ಯಶೋದಾ ಎದ್ದು ನಿಂತಾಗ ಎಲ್ಲರೂ ಇನ್ನೊಂದು ಸುತ್ತಿನ ಬೈಗುಳಕ್ಕೆ ಸಿದ್ಧರಾದರು. ಮಗಳು ಪಕ್ಕದಲ್ಲೇ ಕುಳಿತು ಚಕ್ಕುಲಿ ತಿನ್ನುತ್ತಿದ್ದಳು.

"ಇನ್ನೊಮ್ಮೆ ಟ್ಯಾಂಕ್ ತೊಳೆಯುವುದು ಯಾವಾಗ?" ಎಂದು ಯಶೋದಾ ಕೇಳಿದಳು.

ಸುಮತಿಯಕ್ಕ ದಿನ ಹೇಳಿದರು.

"ನಾನು ಬಂದು ನಿಲ್ತೇನೆ. ನೀರು ನೋಡಿಯೇ ನಳ್ಳಿಗೆ ಬಿಡುವುದು."

"ಬಾ" ಎಂದರು ಸುಮತಿಯಕ್ಕ. "ನಾನೂ ಅದನ್ನೇ ಹೇಳಬೇಕು ಅಂತ ಇದ್ದೆ."

ಆ ದಿನ ಯಶೋದಾ ಒಬ್ಬಳೇ ಬರಲಿಲ್ಲ. ಅಕ್ಕಪಕ್ಕದ ಹೆಂಗಸರೆಲ್ಲ ಬಂದರು. ತೊಳೆದ ನೀರು ಹರಿದು ಹೋಗುವವರೆಗೆ ನಿಂತರು, ಹೊಸ ನೀರನ್ನು ಲೋಟದಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದರು, ಮೂಸಿದರು, ನನ್ನ ಮೂಗಿಗೂ ಹಿಡಿದರು. ಈಗ ಪ್ರತಿ ಸಲವೂ ಹಾಗೆಯೇ. ಅಷ್ಟು ಹೆಂಗಸರು ಒಂದೇ ಕಡೆ ಸೇರುವುದನ್ನು ಕಂಡು ಹಮೀದಣ್ಣ ಆ ದಿನ ಮನೆ ಮನೆ ಸುತ್ತುವುದನ್ನೇ ಬಿಟ್ಟು ಟ್ಯಾಂಕಿನ ನೆರಳಿನಲ್ಲಿ ಮೊಪೆಡ್ ನಿಲ್ಲಿಸುತ್ತಾರೆ.

ಕಳೆದ ಸಲ ನಾನು ಹೋದಾಗ ಯಶೋದಾ ಹಮೀದಣ್ಣನ ಬುಟ್ಟಿಯ ಮೇಲೆ ಬಗ್ಗಿದ್ದಳು. ಒಂದೊಂದು ಬಂಗುಡೆಯನ್ನೂ ಎತ್ತಿ, ಕಿವಿರು ಬಿಡಿಸಿ, ಒಳಗೆ ಕೆಂಪಗೆ ಉಂಟಾ ಎಂದು ನೋಡಿ, ಆಮೇಲೆ ತಟ್ಟೆಗೆ ಹಾಕುತ್ತಿದ್ದಳು.

"ನನ್ನ ಮೇಲೆ ಇನ್ನೂ ಸಂಶಯವಾ ಯಶೋದಕ್ಕ?" ಎಂದು ಕೇಳಿದರು ಹಮೀದಣ್ಣ, ನಗುತ್ತಲೇ.

ಯಶೋದಾ ತಲೆ ಎತ್ತಲಿಲ್ಲ. ಇನ್ನೊಂದು ಮೀನಿನ ಕಿವಿರು ಬಿಡಿಸಿದಳು.

"ಸಂಶಯ ಎಂತದ್ದು ಹಮೀದಣ್ಣ? ನೋಡಿ ತೆಗೆದುಕೊಳ್ಳುವುದು."